ದೀಪದ ಬಾಡಿಗೆ

ಮುಟ್ಟದಿದ್ದರೆ ಸೂತಕ ಹತ್ತುವುದಿಲ್ಲ ಎಂದು ಬಸ್ಸು ಕುಂದಾಪುರದ ಫ್ಲೈಓವರ್ ಹತ್ತುವಷ್ಟರಲ್ಲಿ ಲೀಲಾಧರ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದ. ಹೆಣ ಮುಟ್ಟಬಾರದು, ಬಾಯಿಗೆ ನೀರು ಬಿಡಬಾರದು, ಅಂಗಳಕ್ಕೂ ಕಾಲಿಡಬಾರದು, ಬೇಲಿಯಾಚೆ ರಸ್ತೆಯ ಮೇಲೆ ನಿಂತು ಕೈ ಮುಗಿದು ಬಂದುಬಿಟ್ಟರೆ ದಾರಿಹೋಕರಿಗೂ ತನಗೂ ಏನು ವ್ಯತ್ಯಾಸ? ದಾರಿಹೋಕರಿಗೆ ಎಲ್ಲಾದರೂ ಸೂತಕ ಉಂಟೇ? ಸೂತಕವೇನು ಮೀನಿನ ನೀರೇ, ಮೈಗೆ ಸಿಡಿಯದ ಹಾಗೆ ದೂರ ನಿಂತು ತಪ್ಪಿಸಿಕೊಳ್ಳುವುದಕ್ಕೆ! ಅದು ಅವನಿಗೂ ಗೊತ್ತಿತ್ತು. ಸತ್ತವಳು ಸೀತು ದೊಡ್ಡಮ್ಮ, ಅವನ ಹೆತ್ತ ತಾಯಿಯ ಅಕ್ಕ, ಒಂದೇ ಬಳಿ. ಬಳಿಯೆಂದರೆ ಕುಲ, ಅದು ತಾಯಿಯಿಂದ ಬರುವಂಥದ್ದು, ತಾಯಿಯ ಅಕ್ಕ ಸತ್ತರೆ ಕಿರಿಮಂಜೇಶ್ವರದಲ್ಲಿದ್ದರೂ ಸೂತಕವೇ, ಬ್ರಹ್ಮಾವರದಲ್ಲಿದ್ದರೂ ಸೂತಕವೇ, ಹಡಗು ಹತ್ತಿ ಸಮುದ್ರದ ನಡುವೆ ಹೋಗಿ ಕೂತರೂ ಸೂತಕವೇ. ಆದರೂ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವನು ಅದನ್ನೇ ಹೇಳಿಕೊಳ್ಳುತ್ತಿದ್ದ, ಮುಟ್ಟದಿದ್ದರೆ ಹತ್ತುವುದಿಲ್ಲ, ಮುಟ್ಟದಿದ್ದರೆ ಹತ್ತುವುದಿಲ್ಲ. ಯಾಕೆಂದರೆ ಹೊತ್ತು ಕಂತುವುದರೊಳಗೆ ಬ್ರಹ್ಮಾವರದ ಬಾಡಿಗೆ ಮನೆಯ ಚಾವಡಿಯಲ್ಲಿ ನಿಂತು ಇನ್ನೊಬ್ಬರ ದೈವಕ್ಕೆ ಅವನು ದೀಪ ಹಚ್ಚಬೇಕಿತ್ತು. ಹಚ್ಚದಿದ್ದರೆ ಮನೆ ಹೋಯಿತು. ಸೂತಕ ಹೊತ್ತುಕೊಂಡು ಹಚ್ಚಿದರೆ ಏನು ಹೋಗುತ್ತದೆ ಎಂಬಲ್ಲಿಗೆ ಯೋಚನೆ ಬಂದು ಮುಟ್ಟುವಾಗ ಅವನು ತಲ್ಲೂರಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದತೊಡಗಿದ.

ದೊಡ್ಡಮ್ಮನ ಮಗ ಅಶೋಕ್ ಫೋನು ಮಾಡಿದಾಗ ಅವನು ಹಂಗಾರಕಟ್ಟೆ ಕಡೆಯ ಐಸ್ ಪ್ಲಾಂಟಿನಲ್ಲಿ ಐಸಿನ ಗಟ್ಟಿಗಳನ್ನು ಕ್ಯಾನಿನಿಂದ ಜಾರಿಸುತ್ತಿದ್ದ. "ಲೀಲಣ್ಣ, ಅಮ್ಮ ಹೋಯ್ತ್" ಎಂದಷ್ಟೇ ಹೇಳಿದ್ದ ಅಶೋಕ್. ಅಳು ಬರಬೇಕಿತ್ತು. ಬಂದದ್ದು ಲೆಕ್ಕಾಚಾರ. ಇವತ್ತು ತಿಂಗಳ ಸಂಕ್ರಾಂತಿ, ದೈವದ ದೀಪಕ್ಕೆ ವಿಶೇಷ ದಿನ, ಹೆಣ ಎತ್ತುವುದು ಮಧ್ಯಾಹ್ನ ಕಳೆದ ಮೇಲೆ, ಬಸ್ಸು ಇಷ್ಟು ಹೊತ್ತಿಗೆ ಸಿಕ್ಕಿದರೆ ಅಷ್ಟು ಹೊತ್ತಿಗೆ ವಾಪಸು. ಛೀ, ಎಂಥ ಮನುಷ್ಯನಾದೆ ನಾನು ಎಂದು ತನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆ ಮುಗಿಯುವ ಮೊದಲೇ ಹೆಂಡತಿ ವನಜಳಿಗೆ ಫೋನು ಮಾಡಿದ. "ಅಯ್ಯೋ ದೇವ್ರೆ! ಮೊನ್ನೆ ಮಾತಾಡಿತ್ತಲೆ ನನ್ ಹತ್ರ" ಎಂದು ವನಜ ಅಳುವುದು ಕೇಳಿತು. ಆಮೇಲೆ ಮೂಗು ಸೀಟಿಕೊಂಡು, "ನೀವ್ ಈಗ್ಳೇ ಹೊರ್ಡಿ. ದೀಪಕ್ಕಾಯಿ ಎಂತಕೆ" ಎನ್ನುವಷ್ಟರಲ್ಲಿ ಅವನಿಗೆ ಸಿಟ್ಟು ನೆತ್ತಿಗೇರಿತು. "ಎಂತಕೆ ಅಂದ್ ಕೇಂತ್ಯಲೆ! ಇವತ್ ಸಂಕ್ರಾಂತಿ, ಬಾಡಿಗಿ ಮನಿ ಶೆಟ್ರ್ ಅಮ್ಮ ಫೋನ್ ಹಿಡ್ಕಂಡ್ ಕಾಣ್ತಾ ಕೂಕಂತ್ರ್. ನಾನ್ ಹೊತ್ತ್ ಕಂತುದ್ರೊಳ್ಗೆ ಬತ್ತೆ. ನೀ ಯಾರ್ ಹತ್ರವೂ ಬಾಯ್ ಬಿಡ್ಬೇಡ." "ಹಾಂಗಲ್ಲ, ಒಂಚೂರ್ ಕೇಣಿ" ಎಂದಳು ವನಜ. ಕೇಳುವುದಕ್ಕೆ ಅವನಿಗೆ ವ್ಯವಧಾನ ಎಲ್ಲಿತ್ತು? ಫೋನು ಇಟ್ಟ.

ಬೋಟಿನ ಕೆಲಸ ಬಿಟ್ಟು ಈ ಐಸ್ ಪ್ಲಾಂಟು ಹಿಡಿದ ಮೇಲೆ ಮನೆ ಹುಡುಕಿ ಹುಡುಕಿ ಅವನ ಚಪ್ಪಲಿ ಸವೆದಿತ್ತು. ಕಿರಿಮಂಜೇಶ್ವರದಿಂದ ದಿನಾ ಬಂದು ಹೋಗುವುದು ಆಗುವ ಹೋಗುವ ಮಾತಲ್ಲ. ಬ್ರಹ್ಮಾವರದ ಪೇಟೆಯಲ್ಲಾದರೆ ಅಡ್ವಾನ್ಸು ಕೇಳಿಯೇ ನಾಲಿಗೆ ಒಣಗುತ್ತಿತ್ತು. ಹೊಸ ಫ್ಲ್ಯಾಟುಗಳಲ್ಲಿ ವಾಚ್‌ಮನ್ನೇ ಅವನ ಲುಂಗಿ ನೋಡಿ ಖಾಲಿ ಇಲ್ಲ ಅಂದುಬಿಡುತ್ತಿದ್ದ. ಊರ ಬದಿಯ ಮನೆಗಳಲ್ಲಿ ಕುಡಿಯಲು ನೀರು ಕೊಟ್ಟು, ಊರು ಎಲ್ಲಿ ಅಂದು ಕೇಳಿ, ಕಡಲ ಬದಿ ಅಂದಾಕ್ಷಣ "ನಾವ್ ಬಾಡಿಗಿಗ್ ಕೊಡುದ್ ಇನ್ನೂ ಯೋಚ್ನಿ ಮಾಡ್ಲಿಲ್ಲೆ" ಎಂದು ಲೋಟ ವಾಪಸು ತೆಗೆದುಕೊಳ್ಳುತ್ತಿದ್ದರು. ಹಾಗೆ ತಿರುಗುವಾಗ ಸಿಕ್ಕಿದ್ದು ಗೋವರ್ಧನ ಶೆಟ್ಟರ ಮನೆ. ಶೆಟ್ಟರದ್ದು ಮುಂಬಯಿಯಲ್ಲಿ ಹೋಟೆಲು. ಮನೆಯ ಮುಂಭಾಗಕ್ಕೆಲ್ಲ ಬೀಗ, ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆ ಬಾಡಿಗೆಗೆ. ಬಾವಿಯಲ್ಲಿ ಬೇಸಿಗೆಯಲ್ಲೂ ನೀರು. ಮಗಳು ಮೋಕ್ಷಿತಾ ನಡೆದೇ ಶಾಲೆಗೆ ಹೋಗಬಹುದು. ಬಾಡಿಗೆ ಕೇಳಿದರೆ ಯಾರೂ ನಂಬುವುದಿಲ್ಲ, ಅಷ್ಟು ಕಡಿಮೆ. "ನಂಗ್ ಬಾಡಿಗಿ ದುಡ್ಡಲ್ ಹೊಟ್ಟಿ ತುಂಬ್ಕ್ ಅಂದಿಲ್ಲೆ ಮಾರಾಯ" ಎಂದಿದ್ದರು ಶೆಟ್ಟರು ಫೋನಿನಲ್ಲಿ, ಹಿಂದೆ ಪ್ಲೇಟು ತೊಳೆಯುವ ಸದ್ದು ಕೇಳುತ್ತಿತ್ತು. "ದಿನಾ ಹೊತ್ತ್ ಕಂತುವತಿಗೆ ಚಾವಡಿಲ್ ನಮ್ ದೈವಕ್ ದೀಪ ಉರಿಕ್. ಅಷ್ಟೇ. ಗಂಡ್ಸೇ ಹಚ್ಕ್, ಹೆಂಗ್ಸ್ರ್ ಮೆಟ್ಲ್ ಹತ್ತುಕಾಗ. ಸೂತ್ಕ ಗೀತ್ಕ ಬಂದ್ರೆ ಮೊದ್ಲೇ ಹೇಳ್ಕ್, ನಾನ್ ಬೇರೆ ವ್ಯವಸ್ಥೆ ಮಾಡ್ತೆ." ಬೇರೆ ವ್ಯವಸ್ಥೆ ಅಂದರೆ ಆಚೆಮನೆಯ ಗಣಪ. ಗಣಪನಿಗೆ ಮದುವೆಯಾದ ಮಗನಿದ್ದಾನೆ, ಆ ಎರಡು ಕೋಣೆಯ ಮೇಲೆ ಅವನ ಕಣ್ಣು ಮೊದಲಿನಿಂದಲೂ ಇದೆ. ಹಿಂದೆ ಇದ್ದವರು ಸೂತಕವೆಂದು ಹೇಳಿ ಬೀಗದ ಕೈ ಗಣಪನ ಕೈಗೆ ಕೊಟ್ಟರಂತೆ, ಮತ್ತೆ ಅದು ಅವರ ಕೈಗೆ ಬರಲೇ ಇಲ್ಲವಂತೆ. ಇದನ್ನು ಗಣಪನೇ ಬೇಲಿಯಾಚೆ ನಿಂತು, ವೀಳ್ಯದೆಲೆಗೆ ಸುಣ್ಣ ಸವರುತ್ತ, ಬಹಳ ಅಕ್ಕರೆಯಿಂದ ಹೇಳಿದ್ದ.

ಹಾಗಾಗಿ ಲೀಲಾಧರ ಬೆಳಗಿನ ಪಾಳಿಯನ್ನೇ ಬೇಡಿ ಹಾಕಿಸಿಕೊಂಡ. ದಿನಾ ಮಿಂದು, ಬೇರೆ ಲುಂಗಿ ಉಟ್ಟು, ತಲೆಗೆ ತುಂಡು ಸುತ್ತಿ, ಚಾವಡಿಯ ಮೆಟ್ಟಿಲು ಹತ್ತಿ, ತೂಗುದೀಪಕ್ಕೆ ಎಣ್ಣೆ ಹೊಯ್ದು ಬತ್ತಿ ಹಚ್ಚುತ್ತಿದ್ದ. ಅವನ ಬೆನ್ನ ಹಿಂದೆ ಕಂಬದ ತುದಿಗೆ ಹಲ್ಲಿಯ ಹಾಗೆ ಅಂಟಿಕೊಂಡ ಕ್ಯಾಮೆರಾ. ಶೆಟ್ಟರು ಮುಂಬಯಿಯ ಹೋಟೆಲಿನ ಗಲ್ಲೆಯಲ್ಲಿ ಕೂತು ಫೋನಿನಲ್ಲಿ ಅವನ ಬೆನ್ನು ನೋಡುತ್ತಿದ್ದರು. ಅವರ ಹಾಸಿಗೆ ಹಿಡಿದ ತಾಯಿಯೂ ನೋಡುತ್ತಿದ್ದರಂತೆ. "ದೀಪ ಹಚ್ಚು ಅಂದ್ರೆ ನೀ ಗ್ಯಾಸಿನ ಒಲಿ ಹಚ್ದಾಂಗ್ ಹಚ್ತೆ ಮಾರಾಯ" ಎಂದು ಒಮ್ಮೆ ಫೋನು ಮಾಡಿ ನಕ್ಕಿದ್ದರು, "ಒಂಚೂರ್ ಭಕ್ತಿ ಬೇಡ್ದಾ? ಅಮ್ಮ ಬೇಜಾರ್ ಮಾಡ್ಕಂತ್ರ್." ಅವನೂ ನಕ್ಕಿದ್ದ. ಆಮೇಲೆ ಎಷ್ಟೋ ಹೊತ್ತು ಬೆನ್ನಿನ ಮಧ್ಯೆ, ಕೈಗೆ ಸಿಗದ ಜಾಗದಲ್ಲಿ ತುರಿಕೆ. ಭಕ್ತಿ ಇಲ್ಲದೇ ಏನು, ಇತ್ತು. ಆದರೆ ಬೆನ್ನಲ್ಲಿ ಭಕ್ತಿ ತೋರಿಸುವುದು ಹೇಗೆ ಎಂದು ಗೊತ್ತಾಗುತ್ತಿರಲಿಲ್ಲ. ಬಗ್ಗಿದರೆ ನಾಟಕ ಅನಿಸುತ್ತಿತ್ತು, ಬಗ್ಗದಿದ್ದರೆ ಸೊಕ್ಕು.

ಹಾಲು ಉಕ್ಕಿಸಿದ ದಿನ ಸೀತು ದೊಡ್ಡಮ್ಮ ಬೆಳಿಗ್ಗೆಯೇ ಬಂದಿದ್ದಳು. ಬೈಂದೂರಿನ ಬಸ್ಸಿಳಿದು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತುಕೊಂಡು ನೇರ ಅಂಗಳಕ್ಕೇ. ಹೊಸ ಒಕ್ಕಲಿನ ಮನೆಗೆ ಬರಿಗೈಯಲ್ಲಿ ಬರುವುದುಂಟೇ, ಒಳ್ಳೆ ಬಂಗುಡೆ ಆರಿಸಿ ತಂದಿದ್ದಳು. ಅವಳು ಚಾವಡಿಯ ಎದುರಿಗೆ ಬರುವುದನ್ನು ಕಂಡವನೇ ಲೀಲಾಧರ ಓಡಿಹೋಗಿ ಅವಳ ರಟ್ಟೆ ಹಿಡಿದು ಕೊಟ್ಟಿಗೆಯ ಬದಿಯಿಂದ ಹಿಂದಕ್ಕೆ ಕರೆದುಕೊಂಡು ಹೋಗಿದ್ದ. ಅವಳು ಬುಟ್ಟಿ ಇಳಿಸಿ, ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು, ಕಂಬದ ಕಡೆ ಇಣುಕಿ ನೋಡಿದಳು. "ಅಬ್ಬಾ, ನಿಮ್ ಶೆಟ್ರಿಗೆ ಮೀನ್ ವಾಸ್ನಿ ಫೋನಂಗೂ ಬತ್ತಾ?" ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಶೆಟ್ಟರು ಮೀನು ತಿನ್ನುವವರೇ, ಮೀನು ಬೇಡವೆಂದು ಅವರು ಎಂದೂ ಹೇಳಿರಲಿಲ್ಲ. ಹೇಳದಿದ್ದದ್ದನ್ನೂ ಅವನೇ ಮುಂದಾಗಿ ಪಾಲಿಸಿದ್ದ. ವನಜ ಒಲೆಯ ಮೇಲೆ ಹಾಲು ಇಡುತ್ತಿದ್ದಳು. ಅವಳ ಸೀರೆ ಒದ್ದೆಯಾಗಿತ್ತೆಂದು ಅವನದೊಂದು ಅಂಗಿಯನ್ನು ಮೇಲಿಂದ ತೊಟ್ಟಿದ್ದಳು. ವನಜ ಗಂಡನಷ್ಟೇ ಎತ್ತರ, ಅವನಷ್ಟೇ ಮೈಕಟ್ಟು. ಮದುವೆಯಲ್ಲೂ ದೊಡ್ಡಮ್ಮ ಅದನ್ನೇ ಆಡಿಕೊಂಡು ನಕ್ಕಿದ್ದಳು, ಆವತ್ತೂ ಅದನ್ನೇ ಹೇಳಿದಳು: "ಒಂದ್ ಅಂಗಿ ತಕಂಡ್ರೆ ನಿಮ್ಮಿಬ್ರಿಗೂ ಆತ್ತಲೆ, ಖರ್ಚ್ ಕಮ್ಮಿ."

ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಕಡಲಿನ ದಾರಿ ಹಿಡಿದಾಗ ಕಾಲು ತಾನಾಗಿಯೇ ಬೇಗ ಬೇಗ ಬಿದ್ದಿತು, ಬೇಲಿ ಕಂಡಾಗ ನಿಂತಿತು. ಅಂಗಳದಲ್ಲಿ ಜನ ಬಹಳ ಇರಲಿಲ್ಲ, ಗಂಡಸರಲ್ಲಿ ಹೆಚ್ಚಿನವರು ಬೋಟಿನಲ್ಲಿದ್ದರು. ಹೆಂಗಸರ ನಡುವೆ ಬಾಳೆಲೆಯ ಮೇಲೆ ಮಲಗಿಸಿದ ದೊಡ್ಡಮ್ಮನ ಪಾದ ಮಾತ್ರ ಅವನಿಗೆ ಕಾಣುತ್ತಿತ್ತು, ಬಿಸಿ ಡಾಂಬರಿನಲ್ಲಿ ನಡೆದು ನಡೆದು ಒಡೆದ ಹಿಮ್ಮಡಿ. ಅವಳ ಬುಟ್ಟಿ ಬೇಲಿಗೆ ಮಗುಚಿ ಹಾಕಿತ್ತು. ಅಶೋಕ್ ಒದ್ದೆ ಪಂಚೆಯಲ್ಲಿ ಗೇಟಿನ ತನಕ ಬಂದ. "ಬಾ ಒಳ್ಗೆ. ನೀರ್ ಬಿಡುಕೆ ನೀನೊಬ್ಬನೇ ಬಾಕಿ. ನಿಂಗಾಯೇ ಕಾದದ್ದ್."

"ನಾನ್ ಇಲ್ಲೇ ನಿಂತ್ಕಂತೆ" ಎಂದ ಲೀಲಾಧರ. ತನ್ನ ದನಿ ಯಾರದೋ ದನಿಯ ಹಾಗೆ ಕೇಳಿತು.

"ಇಲ್ಲಾ? ರಸ್ತಿ ಮೇಲಾ?"

"ಡ್ಯೂಟಿ ಇತ್ತ್ ಮಾರಾಯ. ಬೇಗ ಹೋಯ್ಕ್. ಒಳ್ಗ್ ಬಂದ್ರೆ ಮತ್ತೆ ಮೀಕ್, ಅದ್ ಇದ್."

"ಮೀಯುಕೆ ನಮ್ಮನಿ ಬಾವಿಲ್ ನೀರಿಲ್ಯಾ?" ಅಶೋಕ್ ಜಗಳಕ್ಕೆ ಕೇಳಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ. ಅದೇ ಕಷ್ಟವಾಯಿತು. ಬೈದಿದ್ದರೆ ಲೀಲಾಧರನೂ ಏನಾದರೂ ಬೈದು ಹೊರಡಬಹುದಿತ್ತು. "ಆಯ್ತ್, ನೀರ್ ಬೇಡ. ಹೆಗ್ಲಿಗಾರೂ ಬಾ. ಬಳಿಯರ್ ಮೂರೇ ಜನ ಇಪ್ಪುದ್, ಉಳ್ದರೆಲ್ಲ ಬೋಟಂಗಿದ್ರ್. ಒಂದ್ ಹೆಗ್ಲ್ ಕಮ್ಮಿ ಇತ್ತ್ ಲೀಲಣ್ಣ."

ಹೋಗಿಬಿಡುತ್ತೇನೆ ಎಂದುಕೊಂಡ. ಮನೆ ಹೋದರೆ ಹೋಗಲಿ, ಗಣಪನ ಮಗ ಬಂದು ಕೂರಲಿ, ತಾಯಿ ಸತ್ತ ಮೇಲೆ ತನ್ನ ಬಾಯಿಗೆ ಅನ್ನ ಇಟ್ಟವಳಿಗೆ ಒಂದು ಹೆಗಲು ಕೊಡದೆ ಯಾವ ಮನೆಯಲ್ಲಿ ನಿದ್ದೆ ಬರುತ್ತದೆ? ಬಲಗೈ ಗೇಟಿನ ಚಿಲಕದ ಮೇಲೆ ಬಿದ್ದೂ ಆಯಿತು. ಆಗ ಕಿಸೆಯಲ್ಲಿ ಫೋನು ಅದುರಿತು. ತೆಗೆಯುವ ಮೊದಲೇ ನಿಂತಿತು. ಗೋವರ್ಧನ ಶೆಟ್ಟರದ್ದು, ಜೊತೆಗೊಂದು ಮೆಸೇಜು: ಸಂಕ್ರಾಂತಿ, ನೆನಪಿತ್ತಲ್ದಾ, ಅಮ್ಮ ಬೆಳಿಗ್ಗೆಯಿಂದ ಕೇಂತಾ ಇದ್ರ್. ಮೋಕ್ಷಿತಾ ಯೂನಿಫಾರ್ಮಿನಲ್ಲಿ ಅಂಗಳದ ನಡುವೆ ಪಾತ್ರೆ ಪಡಗಗಳ ಜೊತೆ ನಿಂತಿರುವುದು ಕಣ್ಣಿಗೆ ಕಟ್ಟಿತು. ಗೇಟಿನ ಚಿಲಕದಿಂದ ಅವನ ಕೈ ಹಿಂದೆ ಬಂತು. "ಆಪುದಿಲ್ಲೆ ಅಶೋಕ" ಎಂದ. ಅಶೋಕ್ ಅವನ ಕೈಯನ್ನು ನೋಡಿದ, ಮುಖವನ್ನಲ್ಲ. "ಆಯ್ತ್, ಹಾಂಗಾರೆ ನಿಲ್ಲ್" ಎಂದು ಒಳಗೆ ಹೋದ. ಕಟ್ಟಿಗೆ ತಂದ ಟೆಂಪೊದ ಡ್ರೈವರ್ ದಾರಿಯಲ್ಲಿ ಬೀಡಿ ಸೇದುತ್ತಿದ್ದ. ಅಶೋಕ್ ಅವನಿಗೆ ಏನೋ ಹೇಳಿದ. ಡ್ರೈವರ್ ಬೀಡಿ ಬಿಸಾಕಿ, ಕೈ ತೊಳೆದು, ಅಂಗಿ ತೆಗೆದು ಟೆಂಪೊದ ಕನ್ನಡಿಗೆ ನೇತುಹಾಕಿ, ಹಿಂದಿನ ಬಲಗಡೆಗೆ ಹೋಗಿ ನಿಂತ. ಎತ್ತುವಾಗ ಚಟ್ಟ ಒಂದು ಬದಿಗೆ ವಾಲಿತು. "ಹ್ವಾಯ್, ಜಾಗ್ರತೆ!" ಎಂದು ಯಾರೋ ಕೂಗಿದರು. ಡ್ರೈವರ್ ಸರಿ ಮಾಡಿಕೊಂಡ. ದೊಡ್ಡಮ್ಮ ಲೀಲಾಧರನ ಎದುರಿನಿಂದಲೇ ದಾಟಿ ಹೋದಳು, ಅವನು ಬೇಲಿಗೆ ಬೆನ್ನು ಒತ್ತಿ ದಾರಿ ಬಿಟ್ಟ, ಎಲ್ಲಿ ತಾಗುತ್ತದೋ ಎಂದು ಮೈ ಹಿಡಿ ಮಾಡಿಕೊಂಡು.

ವಾಪಸು ಬಸ್ಸಿನಲ್ಲಿ ಅವನಿಗೆ ಕೂರುವುದಕ್ಕೆ ಜಾಗವಿದ್ದರೂ ಕೂರಲಿಲ್ಲ. ಮರವಂತೆಯಲ್ಲಿ ಹೊತ್ತು ಕಡಲಿನ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿತ್ತು. ಇದಿಷ್ಟಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ತಲ್ಲೂರಿಗೆ ಬಂದರೆ ರಸ್ತೆ ಅಗೆದು ಹಾಕಿ ಒಂದೇ ಬದಿ ಬಿಟ್ಟಿದ್ದರು, ಲಾರಿಗಳ ಹಿಂದೆ ಲಾರಿ. "ಹ್ವಾಯ್, ಎಂತ ಸತ್ಯಾನಾಶ ಮರಾಯ್ರೆ ಇದ್, ಬೇಗ ಬಿಡಿ" ಎಂದು ಡ್ರೈವರನಿಗೆ ಹೇಳಿದ. "ನಾನೆಂತ ಹಾರ್ಸ್ಕಂಡ್ ಹೋಪುದಾ?" ಎಂದು ಡ್ರೈವರ್ ಕೇಳಿದ್ದಕ್ಕೆ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಲೀಲಾಧರ ತಲೆ ತಗ್ಗಿಸಿದ. ನೀರು ಬಿಡದವನು, ಹೆಗಲು ಕೊಡದವನು, ಈಗ ದೀಪವನ್ನೂ ಹಚ್ಚದವನು. ಎರಡೂ ಕಡೆ ಕೆಟ್ಟು ನಿಲ್ಲುವ ಹಣೆಬರಹವಿದ್ದರೆ ಆ ಚಿಲಕವನ್ನಾದರೂ ತೆಗೆಯಬಹುದಿತ್ತಲ್ಲ. ಫ್ಲೈಓವರಿನ ಮೇಲೆ ಬರುವಾಗ ಬೀದಿದೀಪಗಳು ಹತ್ತಿಕೊಂಡವು. ಕೋಟ ದಾಟುವಾಗ ಪೂರ್ತಿ ಕತ್ತಲಾಗಿತ್ತು. ಮುಂಬಯಿಯಲ್ಲಿ ಒಬ್ಬ ಮುದುಕಿ ಕಪ್ಪಗಿನ ಚಾವಡಿಯನ್ನು ನೋಡುತ್ತ ಮಲಗಿರಬಹುದು. ಫೋನು ಇನ್ನೂ ಯಾಕೆ ಬರಲಿಲ್ಲ? ಬಾರದಿರುವುದಕ್ಕೇ ಹೆಚ್ಚು ಭಯವಾಯಿತು. ಗಣಪನಿಗೆ ಹೋಗಿರಬೇಕು ಫೋನು. ಗಣಪ ಈಗ ಮಿಂದು ತಲೆಗೆ ತುಂಡು ಸುತ್ತುತ್ತಿರಬೇಕು.

ಬ್ರಹ್ಮಾವರದಲ್ಲಿ ಇಳಿದವನು ಓಡಿದ. ಓಡಿ ಏದುಸಿರು ಬಿಡುತ್ತ ಅಂಗಳದ ತುದಿಗೆ ಬಂದು ನೋಡಿದರೆ ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಮುಗಿಯಿತು, ಗಣಪ ಬಂದಾಯಿತು. ಆದರೆ ದೀಪದ ಎದುರು ನಿಂತವನು ಗಣಪನಲ್ಲ. ನೀಲಿ ಗೀಟಿನ ಅಂಗಿ, ತನ್ನದು. ಹಸಿರು ಲುಂಗಿ, ತನ್ನದು. ತಲೆಗೆ ಸುತ್ತಿದ ತುಂಡು, ಅದೂ ತನ್ನದೇ. ಕಂಬದ ಕ್ಯಾಮೆರಾ ದಿನಾ ಕಾಣುವ ಬೆನ್ನನ್ನು ಲೀಲಾಧರ ಮೊದಲ ಸಲ ಕಂಡ. ತಾನು ಇಲ್ಲಿ ಹಲಸಿನ ಮರದ ಕೆಳಗೆ ನಿಂತಿದ್ದೇನೆ, ಅಲ್ಲಿ ತಾನು ಎಣ್ಣೆ ಹೊಯ್ಯುತ್ತಿದ್ದೇನೆ, ಹಾಗಾದರೆ ಇಲ್ಲಿ ನಿಂತವನಿಂದ ಯಾರಿಗೆ ಏನಾಗಬೇಕಾಗಿದೆ? ಮರಕ್ಕೆ ಕೈ ಕೊಟ್ಟು ನಿಂತ. ಲೀಲಾಧರನ ಆ ರೂಪ ಅವಸರ ಮಾಡಲಿಲ್ಲ. ಬತ್ತಿಯನ್ನು ಬೆರಳಲ್ಲಿ ಸರಿಮಾಡಿತು, ಎರಡು ಹೆಜ್ಜೆ ಹಿಂದೆ ಬಂದು, ಬಗ್ಗಿ, ನೆಲಕ್ಕೆ ಹಣೆ ಮುಟ್ಟಿಸಿ, ಬಹಳ ಹೊತ್ತು ಹಾಗೇ ಇತ್ತು. ಎದ್ದಾಗ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಿತು. ಆ ಒರೆಸಿಕೊಳ್ಳುವುದರಲ್ಲಿ ಅವನಿಗೆ ವನಜಳ ಗುರುತು ಸಿಕ್ಕಿತು.

ಫೋನು ಅದುರಿತು. ಶೆಟ್ಟರು. ಹಲಸಿನ ಮರದ ಹಿಂದಕ್ಕೆ ಸರಿದು ಎತ್ತಿಕೊಂಡ.

"ಅರೇ ಲೀಲಾಧರ, ಎಂತ ಮಾರಾಯ ಇವತ್!" ಶೆಟ್ಟರ ದನಿಯಲ್ಲಿ ಖುಷಿ ಇತ್ತು. "ಸಮಾ ಹೊತ್ತಿಗ್ ಹಚ್ದೆ, ಈಗ್ಳ್ ಮತ್ತ್ ಎಣ್ಣಿ ಹೊಯ್ದೆ. ಅಮ್ಮಂಗ್ ಕಣ್ಣಲ್ ನೀರ್ ಬಂತ್ ಕಾಣ್. ಈ ಗಂಡ್ ಇವತ್ ಮನ್ಸಿಟ್ ಹಚ್ದ ಅಂದ್ರ್. ದಿನಾ ಹೀಂಗೇ ಹಚ್ಚ್ ಮಾರಾಯ, ಮನಿ ನಿಂದೇ ಅಂದೇಳಿ ತಿಳ್ಕೊ."

"ಹೌದ್ ಶೆಟ್ರೆ" ಎಂದ ಲೀಲಾಧರ.

ವನಜ ಹಿಂದಿನ ಬಾಗಿಲಿನಿಂದ ಬಂದಳು. ತುಂಡು ಬಿಚ್ಚಿದ್ದಳು, ಅಂಗಿ ಇನ್ನೂ ಮೈಮೇಲಿತ್ತು. ಅವನನ್ನು ಕಂಡು ದೂರದಲ್ಲೇ ನಿಂತಳು. "ಬಾಗ್ಲ್ ಹತ್ರ ಬಪ್ಪುದ್ ಬೇಡ, ಬಾವಿಕಟ್ಟಿ ಹತ್ರ ನಿಲ್ಲಿ. ಬಿಸ್ನೀರ್ ಕಾಯ್ಸಿ ಇಟ್ಟಿದೆ." ಅವನು ಬಾವಿಕಟ್ಟೆಯ ಹತ್ತಿರ ನಿಂತ, ಅಂಗಿ ತೆಗೆದ. ವನಜ ಹಂಡೆಯ ನೀರನ್ನು ಕೊಡಪಾನದಲ್ಲಿ ತಂದು, ಮೈ ತಾಗದ ಹಾಗೆ ಕೈ ಉದ್ದ ಮಾಡಿ, ಅವನ ತಲೆಯ ಮೇಲೆ ಹೊಯ್ದಳು.

"ಬೆಳಿಗ್ಗೆ ಅದನ್ನೇ ಹೇಳುಕ್ ಹೊರ್ಟದ್" ಎಂದಳು. "ಸೂತ್ಕ ನಿಮ್ಗೆ. ನಂಗೆಂತ ಸೂತ್ಕ? ನನ್ ಬಳಿ ಬೇರೆ ಅಲ್ದಾ? ನಿಮ್ ಅಂಗಿ ಹಾಯ್ಕಂಡ್ ನಾನ್ ಹಚ್ತೆ, ನೀವ್ ಅಲ್ಲೇ ಇದ್ದ್ ಎಲ್ಲ ಮುಗ್ಸಿ ನಿಧಾನ ಬನ್ನಿ ಅಂಬುಕೆ. ನೀವ್ ಬಾಯ್ ತೆಗುಕೇ ಬಿಡ್ಲಿಲ್ಲೆ."

"ಹೆಂಗ್ಸ್ರ್ ಹತ್ತುಕಾಗ ಅಂದಿದ್ರ್" ಎಂದ.

"ಅಂದದ್ದ್ ಶೆಟ್ರ್. ದೈವ ಎಂತದೂ ಅನ್ಲಿಲ್ಲೆ. ಕೈ ಮುಗ್ದ್ ಕೇಂಡೇ ಹತ್ತದ್ ನಾನ್." ಇನ್ನೊಂದು ಕೊಡಪಾನ ತಂದಳು. ಅದನ್ನೂ ಹೊಯ್ದಳು. "ಒಂದ್ ಅಂಗಿ ಇಬ್ರಿಗೂ ಆತ್ತ್ ಅಂತಿತ್ತಲೆ ದೊಡ್ಡಮ್ಮ. ಮೆಟ್ಲ್ ಹತ್ತುವತಿಗೆ ಅದೇ ನೆನ್ಪಾಯಿ ಅಳುಕೂ ಆಯ್ಲಿಲ್ಲೆ, ನೆಗಾಡುಕೂ ಆಯ್ಲಿಲ್ಲೆ." ಮೋಕ್ಷಿತಾ ಅಡುಗೆಮನೆಯ ಕಿಟಕಿಯಲ್ಲಿ ಮುಖ ಇಟ್ಟು ಇಬ್ಬರನ್ನೂ ನೋಡುತ್ತಿದ್ದಳು. ಲೀಲಾಧರನಿಗೆ ಈಗ ಅಳು ಬಂತು, ಬೆಳಿಗ್ಗೆ ಬರಬೇಕಾಗಿದ್ದದ್ದು. ನೀರಿನ ಜೊತೆ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ.

"ಮಖ ಕಂಡ್ರಿಯಾ?"

ಅವನು ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ, ಕತ್ತಲಲ್ಲಿ ಅವಳಿಗೆ ಬೇಕಾದ ಹಾಗೆ ಕಂಡಿರಬೇಕು.

"ಗಂಡ್ಸರೆಲ್ಲ ಬೋಟಂಗಿದ್ರ್ ಅಂದ್ ಅಶೋಕ ಫೋನಂಗ್ ಹೇಳ್ದ ನಂಗೆ ಮಧ್ಯಾಹ್ನ. ಅವ್ನಿಗೆ ನಾನ್ ಅಂದೆ, ನಿಮ್ಮಣ್ಣ ಹೊರ್ಟಾಯ್ತ್, ಹೆಗ್ಲಿಗೆ ಜನ ಇತ್ತ್, ಹೆದ್ರಬೇಡ ಅಂದ್. ಭಾರ ಇದ್ದಿತಾ ದೊಡ್ಡಮ್ಮ? ನೋಯ್ತಿತ್ತಾ?" ವನಜ ಮೂರನೆಯ ಕೊಡಪಾನ ಎತ್ತಿ ಹಿಡಿದು ಕಾದಳು. "ಯಾವ್ ಹೆಗ್ಲ್ ಹೇಳಿ, ಅಲ್ಲಿಗ್ ಬಿಸಿ ನೀರ್ ಹೊಯ್ತೆ."

ಚಾವಡಿಯ ಕಡೆಯಿಂದ ದೀಪದ ಬೆಳಕು ಬಾವಿಯ ಹಗ್ಗದ ತನಕ ಬಂದಿತ್ತು. ಟೆಂಪೊ ಡ್ರೈವರ್ ನಿಂತದ್ದು ಯಾವ ಬದಿಗೆ ಎಂದು ನೆನಪು ಮಾಡಿಕೊಂಡು, ಲೀಲಾಧರ ಬಲ ಹೆಗಲನ್ನು ಮುಂದೆ ಒಡ್ಡಿದ.